ಚೆಂಡಿನ ಸಾಧಕ ಪಾಲವಣಕರ ಬಾಳೂ

ಧಾರವಾಡವೆಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಸಾಹಿತ್ಯ ಮತ್ತು ಸಂಗೀತ. ಬೇಂದ್ರೆಯವರ ಸಾಧನಕೇರಿ, ಮಲ್ಲಿಕಾರ್ಜುನ ಮನಸೂರರ ಗಾಯನ, ಬೆಳಗಿನ ಜಾವದಲ್ಲೆದ್ದು ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿದು ನಿಲ್ಲುವ ಗಾಯಕರ ರಿಯಾಜು, ಇವೆಲ್ಲ ಆ ಊರಿನ ಹೆಸರಿನೊಡನೆ ಕೂಡಿಕೊಂಡು ಬಂದಿವೆ. ಅದೇ ಧಾರವಾಡದಲ್ಲಿ 1876ನೆಯ ಇಸವಿ ಮಾರ್ಚ್ 19ರಂದು ಜನಿಸಿದ ಬಾಲಕನೊಬ್ಬನು ಇನ್ನೊಂದು ಬಗೆಯ ರಿಯಾಜನ್ನು ಮಾಡಿ, ಭಾರತದ ಮೊತ್ತಮೊದಲ ಶ್ರೇಷ್ಠ ಬೌಲರನೆಂಬ ಕೀರ್ತಿಗೆ ಪಾತ್ರನಾದನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆತನೇ ಪಾಲವಣಕರ ಬಾಳೂ.

ಮನೆತನ ಕೊಂಕಣದ್ದು. ಪಾಲವಣವೆಂಬ ಹಳ್ಳಿಯಿಂದ ಬಂದುದರಿಂದ ಪಾಲವಣಕರರೆಂದು ಅಡ್ಡಹೆಸರು. ಮನೆಮಾತು ಮರಾಠಿ. ಅಂದಿನ ಸಮಾಜವು ಅಸ್ಪೃಶ್ಯವೆಂದು ದೂರವಿಟ್ಟಿದ್ದ ಚರ್ಮಕಾರ ಸಮುದಾಯಕ್ಕೆ ಸೇರಿದ ಕುಟುಂಬವದು. ಸೈನ್ಯಕ್ಕೆ ಸಂಬಂಧಿಸಿದ ತಂದೆಯ ಉದ್ಯೋಗದ ನಿಮಿತ್ತ ಸಂಸಾರವು ಪುಣೆಗೆ ಬಂದು ನೆಲೆಸಿತು. ಗೋರಾ ಅಧಿಕಾರಿಗಳು ಆಡಿ ಬಿಸುಟಿದ ಹಳೆಯ ದಾಂಡು, ಹೊಲಿಗೆ ಬಿಟ್ಟ ಚೆಂಡುಗಳೇ ಬಾಳೂ ಮತ್ತು ಆತನ ತಮ್ಮ ಶಿವರಾಮನಿಗೆ ಮೊದಲ ಆಟದ ಸಾಮಾನುಗಳಾದವು. ಇಂದು ಘಣಸೋಲಿಯ ಮೈದಾನಗಳಲ್ಲಿ ಹೊಸ ದಾಂಡಿಗಾಗಿ ತಂದೆಯವರನ್ನು ಕಾಡುವ ವಿದ್ಯಾರ್ಥಿ ಮಿತ್ರರು ಈ ಮಾತನ್ನು ಸ್ವಲ್ಪ ಲಕ್ಷ್ಯದಲ್ಲಿಡಬೇಕು.

ಬಡತನದ ಮನೆಯಲ್ಲಿ ಓದು ಬಹಳ ದಿನ ನಡೆಯಲಿಲ್ಲ. ಹುಡುಗನು ಪುಣೆಯಲ್ಲಿ ಪಾರಸಿಗಳು ನಡೆಸುತ್ತಿದ್ದ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ನಿಂತನು. ಮೈದಾನ ಗುಡಿಸುವುದು, ಆಡುವ ನೆಲಕ್ಕೆ ರೋಲರು ಎಳೆಯುವುದು ಅವನ ಕೆಲಸ. ನಡುವೆ ಯಾರಾದರೂ ಚೆಂಡೆಸೆಯಲು ಕರೆದರೆ ಎಸೆಯುವುದು. 1892ರಲ್ಲಿ ಅವನು ಯೂರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದನು. ಅಲ್ಲಿ ಸಂಬಳ ನಾಲ್ಕು ರೂಪಾಯಿ. ಕೆಲಸವೇನೋ ಅದೇ: ರೋಲರು, ನೆಟ್ಟು ಕಟ್ಟುವುದು, ಟೆನಿಸ್ ಅಂಗಳಕ್ಕೆ ಸುಣ್ಣದ ಗೆರೆ ಹಾಕುವುದು. ಕ್ಲಬ್ಬಿನ ಸದಸ್ಯನಾದ ಟ್ರಾಸ್ ಎಂಬವನು ಒಂದು ದಿನ ಹುಡುಗನ ಕೈಗೆ ಚೆಂಡು ಕೊಟ್ಟು ತನಗೆ ಎಸೆಯಲು ಹೇಳಿದನು. ಸಾಹೇಬರಿಗೆ ದಾಂಡು ಬೀಸುವ ಅಭ್ಯಾಸಬೇಕು. ಬಿಸಿಲಿನಲ್ಲಿ ಗಂಟೆಗಟ್ಟಲೆ ಚೆಂಡೆಸೆಯುವ ಶ್ರಮ ಬೇಡ. ಆ ಶ್ರಮ ಬಾಳೂವಿನ ಪಾಲಿಗೆ ಬಂದಿತು.

ಇಲ್ಲಿ ಸ್ವಲ್ಪ ನಿಂತು, ಅವನಿಗೆ ಬಂದ ಆ ಕೆಲಸವೆಂಥದೆಂಬುದನ್ನು ನೋಡೋಣ. ಬಾಳೂ ಎಡಗೈಯಿಂದ ನಿಧಾನವಾಗಿ ಚೆಂಡೆಸೆಯುವವನು. ತೋರುಬೆರಳು ನಡುಬೆರಳುಗಳ ನಡುವೆ ಚೆಂಡನ್ನು ಹಿಡಿದು, ಬಿಡುವ ಗಳಿಗೆಯಲ್ಲಿ ಅದಕ್ಕೆ ತಿರುವು ಕೊಡಬೇಕು. ಅದು ಗಾಳಿಯಲ್ಲಿ ಕೊಂಚ ತೇಲಿ, ನೆಲಕ್ಕೆ ಬಿದ್ದೊಡನೆ ಬಲಗೈ ದಾಂಡಿಗನಿಂದ ಹೊರಕ್ಕೆ ಸರಿಯಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಓಟದ ಹೆಜ್ಜೆ, ಮುಂಗಾಲನ್ನು ಊರುವ ಸ್ಥಾನ, ಸೊಂಟದ ತಿರುಗು, ಭುಜದ ಸುತ್ತು, ಮಣಿಕಟ್ಟು, ಬೆರಳು ಇವೆಲ್ಲ ಒಂದರ ಹಿಂದೊಂದು ತಪ್ಪದೆ ಬರಬೇಕು. ಕಣ್ಣೆವೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಮೊದಲೇ ಬಿಟ್ಟರೆ ಚೆಂಡು ನೆಲವನ್ನೇ ಮುಟ್ಟದೆ ದಾಂಡಿಗನನ್ನು ಸೇರುತ್ತದೆ. ತಡವಾಗಿ ಬಿಟ್ಟರೆ ನಡುದಾರಿಯಲ್ಲಿಯೇ ಬಿದ್ದು ಅವನಿಗೆ ಸುಲಿಗೆಯಾಗುತ್ತದೆ. 22 ಗಜದಾಚೆ, ತಾನೆಣಿಸಿದ ಅಂಗೈಯಗಲದ ಜಾಗದಲ್ಲಿ ಚೆಂಡನ್ನು ಇಳಿಸುವುದೆಂದರೆ ಬಾಯಿಮಾತಲ್ಲ.

ಇದನ್ನು ಅವನಿಗೆ ಕುಳಿತು ಕಲಿಸಿದವರಿರಲಿಲ್ಲ. ಕ್ಲಬ್ಬಿನಲ್ಲಿ ಕ್ಯಾಪ್ಟನ್ ಬಾರ್ಟನ್ ಎಂಬ ಎಡಗೈ ಬೌಲರನಿದ್ದನು. ಅವನ ಕೈ ಸುತ್ತು ರೇಷ್ಮೆಯ ಎಳೆಯಂತೆ ನಯವಾಗಿತ್ತೆಂದು ಹೆಸರು. ಬಾಳೂ ಅದನ್ನು ನೋಡಿ ನೋಡಿ ತನ್ನದಾಗಿಸಿಕೊಂಡನು. ಪುಟ್ಟ ಮಗುವು ತಾಯಿಯ ಮಾತನ್ನು ಕೇಳಿ ಮಾತು ಕಲಿಯುವಂತೆ, ದೇಹವೂ ಇನ್ನೊಂದು ದೇಹವನ್ನು ಕಂಡು ಕಲಿಯುತ್ತದೆ. ಬಡಗಿಯ ಮಗ ಬಾಚಿ ಹಿಡಿಯುವುದನ್ನೂ ಕುಂಬಾರನ ಮಗ ತಿಗರಿ ತಿರುಗಿಸುವುದನ್ನೂ ಕಲಿತದ್ದು ಹೀಗೆಯೇ ಅಲ್ಲವೇ?

ಇನ್ನು ಎದುರಿಗೆ ದಾಂಡು ಹಿಡಿದು ನಿಲ್ಲುತ್ತಿದ್ದವರಲ್ಲಿ ಮುಖ್ಯನಾದವನು ಜೆ.ಜಿ. ಗ್ರೇಗ್. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಪರವಾಗಿಯೂ ಆಡಿದ ಈ ಸೇನಾಧಿಕಾರಿಯು ಭಾರತದಲ್ಲಿದ್ದ ಯೂರೋಪಿಯನ್ ದಾಂಡಿಗರಲ್ಲಿ ಅಗ್ರಗಣ್ಯನಾಗಿದ್ದನು. (ಮುಂದೆ ಸೈನ್ಯವನ್ನು ಬಿಟ್ಟು ಕ್ರೈಸ್ತ ಪಾದ್ರಿಯಾದನೆಂಬುದು ಬೇರೆ ಕಥೆ.) ಇವನು ಉಳಿದವರಿಗಿಂತ ಮೊದಲೇ ಮೈದಾನಕ್ಕೆ ಬಂದು ಗಂಟೆಗಟ್ಟಲೆ ಬಾಳೂವಿನಿಂದ ಚೆಂಡೆಸೆಯಿಸಿಕೊಳ್ಳುತ್ತಿದ್ದನು. ತನ್ನನ್ನು ಔಟು ಮಾಡಿದಾಗಲೆಲ್ಲ ಬಾಳೂವಿಗೆ ಎಂಟಾಣೆ ಕೊಡುತ್ತಿದ್ದನೆಂಬ ಮಾತು ಪ್ರಚಾರದಲ್ಲಿದೆ. ಲೆಕ್ಕ ಹಾಕಿ ನೋಡಿರಿ: ಎಂಟು ಸಲ ಔಟು ಮಾಡಿದರೆ ಒಂದು ತಿಂಗಳ ಸಂಬಳ! ಆದರೆ ಗ್ರೇಗನಂಥವನನ್ನು ಎಂಟು ಸಲ ಔಟು ಮಾಡಲು ಎಷ್ಟು ನೂರು ಎಸೆತಗಳು ಬೇಕಾಗುತ್ತಿದ್ದವೋ! ಒಂದೊಂದು ಎಸೆತಕ್ಕೂ ಉತ್ತರ ಆ ಕ್ಷಣದಲ್ಲಿಯೇ ಸಿಕ್ಕುತ್ತಿತ್ತು. ಸಡಿಲಾದ ಚೆಂಡು ಬೇಲಿಯಾಚೆಗೆ ಹೋಗುತ್ತಿತ್ತು, ಒಳ್ಳೆಯದು ದಾಂಡಿನಂಚನ್ನು ತಾಕುತ್ತಿತ್ತು. ತಪ್ಪನ್ನು ತೋರಿಸಲು ಇನ್ನೊಬ್ಬ ಗುರು ಬೇಕಾಗಿರಲಿಲ್ಲ.

ಒಂದೇ ಚಲನೆಯನ್ನು ಸಾವಿರ ಸಲ ಮಾಡಿದರೆ ಅದು ಅಚ್ಚೊತ್ತಿದಂತೆ ಕೂತುಬಿಡುತ್ತದೆ, ಅಭ್ಯಾಸವೆಂದರೆ ಅಷ್ಟೇ, ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆಯನ್ನು ಅಲುಗಿಸಿದವನು ರಷ್ಯದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ (1896–1966). 1920ರ ದಶಕದಲ್ಲಿ ಮಾಸ್ಕೋದಲ್ಲಿ ಅವನು ಉಳಿಯ ತಲೆಗೆ ಸುತ್ತಿಗೆಯಿಂದ ಹೊಡೆಯುವ ನುರಿತ ಕೆಲಸಗಾರರ ತೋಳುಗಳಿಗೆ ಸಣ್ಣ ದೀಪಗಳನ್ನು ಕಟ್ಟಿ, ಅವರ ಕೈಯ ಚಲನೆಯನ್ನು ಛಾಯಾಚಿತ್ರಗಳಲ್ಲಿ ಹಿಡಿದನು. ಸುತ್ತಿಗೆಯು ಪ್ರತಿಸಲವೂ ತಪ್ಪದೆ ಉಳಿಯ ಮೇಲೆಯೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಸಾಗಿದ ದಾರಿ ಮಾತ್ರ ಒಂದು ಸಲದಂತೆ ಇನ್ನೊಂದು ಸಲ ಇರಲಿಲ್ಲ! ಭುಜವು ಕೊಂಚ ಹೆಚ್ಚು ಹೋದರೆ ಮೊಣಕೈ ಅದನ್ನು ಸರಿದೂಗಿಸುತ್ತಿತ್ತು. ನುರಿತವನ ದೇಹವು ಒಂದೇ ಚಲನೆಯನ್ನು ನಕಲು ಮಾಡುವುದಿಲ್ಲ. ಒಂದೇ ಸಮಸ್ಯೆಯನ್ನು ಪ್ರತಿಸಲವೂ ಹೊಸದಾಗಿ ಬಿಡಿಸುತ್ತದೆ. ಅಭ್ಯಾಸದಿಂದ ಬೆಳೆಯುವುದು ಹೀಗೆ ಬಿಡಿಸುವ ಶಕ್ತಿಯೇ.

ಈ ಬೆಳಕಿನಲ್ಲಿ ನೋಡಿದರೆ ಪೂನಾ ಕ್ಲಬ್ಬಿನ ನೆಟ್ಟು ಎಂಥ ಪಾಠಶಾಲೆಯಾಗಿತ್ತೆಂಬುದು ಮನಸ್ಸಿಗೆ ಬರುತ್ತದೆ. ಒಮ್ಮೆ ಗಿಡ್ಡ ದಾಂಡಿಗ, ಒಮ್ಮೆ ಎತ್ತರದವನು. ಒಬ್ಬನು ಮುನ್ನುಗ್ಗಿ ಬಾರಿಸುವವನು, ಇನ್ನೊಬ್ಬನು ಹಿಂದೆ ಸರಿದು ತಡೆಯುವವನು. ಮಳೆ ನಿಂತ ಮಾರನೆಯ ದಿನದ ಹಸಿ ನೆಲ ಬೇರೆ, ಏಪ್ರಿಲ್ಲಿನ ಬಿರುಕು ಬಿಟ್ಟ ನೆಲ ಬೇರೆ. ಆ ನೆಲವನ್ನು ಬೆಳಗ್ಗೆ ಗುಡಿಸಿ, ನೀರು ಹಾಕಿ, ರೋಲರು ಎಳೆದವನೇ ಮಧ್ಯಾಹ್ನ ಅದರ ಮೇಲೆ ಚೆಂಡೆಸೆಯುತ್ತಿದ್ದನು. ಅದರ ಮರ್ಮವನ್ನು ಅವನಷ್ಟು ಬಲ್ಲವರು ಆ ಕ್ಲಬ್ಬಿನಲ್ಲಿ ಇನ್ನಾರಿದ್ದಾರು? ಬಾಳೂವಿನ ಬೌಲಿಂಗನ್ನು ಕಂಡವರೆಲ್ಲರೂ ಎತ್ತಿ ಹೇಳಿದ್ದು ಎರಡು ಗುಣಗಳನ್ನು: ಚೆಂಡು ಬೀಳುವ ಜಾಗದ ಮೇಲಿದ್ದ ಹಿಡಿತ, ಮತ್ತು ಒಂದೇ ಕೈ ಸುತ್ತಿನಿಂದ ವೇಗವನ್ನೂ ತಿರುವನ್ನೂ ಬಗೆಬಗೆಯಾಗಿ ಬದಲಿಸುವ ಚಾತುರ್ಯ. ಇವು ಹುಟ್ಟಿನಿಂದ ಬಂದ ವರವೆನ್ನುವವರು ಆ ಮೈದಾನದಲ್ಲಿ ಸುರಿದ ಬೆವರನ್ನು ಮರೆಯುತ್ತಾರೆ.

ಇನ್ನೊಂದು ಮಾತು. ಅವನ ಅಭ್ಯಾಸ ನಾಲ್ಕು ದಿನದ ಹುಮ್ಮಸ್ಸಿನದಲ್ಲ, ವರ್ಷಗಟ್ಟಲೆ ದಿನವೂ ನಡೆದದ್ದು. 1978ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಂಗ್ಲೆಂಡಿನ ಅಂಚೆ ನೌಕರರಿಗೆ ಬೆರಳಚ್ಚು ಯಂತ್ರದಂಥ ಕೀಲಿಮಣೆಯನ್ನು ಕಲಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು, ದಿನಕ್ಕೆ ನಾಲ್ಕು ಗಂಟೆ ಕೂತು ಕಲಿತವರಿಗಿಂತ ಕಡಿಮೆ ಗಂಟೆಗಳ ಒಟ್ಟು ಶ್ರಮದಿಂದಲೇ ಅದೇ ಹದಕ್ಕೆ ಬಂದರು. ದಿನಗಳು ಮಾತ್ರ ಹೆಚ್ಚು ಹಿಡಿದವು. ಕೈ ಕಲಿತದ್ದು ಬಿಡುವಿನಲ್ಲಿ ನೆಲೆಯೂರುತ್ತದೆ. ಕ್ರೀಡಾಸ್ಪರ್ಧೆಯ ಹಿಂದಿನ ದಿನ ಮೈ ನೋಯುವಷ್ಟು ಓಡುವ ನಮ್ಮ ಶಾಲಾ ಓಟಗಾರರಿಗೆ ಇದನ್ನು ಹೇಳಬೇಕಾದುದುಂಟು.

ಇಷ್ಟೆಲ್ಲ ನಿಜ. ಆದರೆ ಈ ಕಥೆಯಲ್ಲಿ ನನ್ನನ್ನು ಹೆಚ್ಚಾಗಿ ಕಾಡುವ ಸಂಗತಿ ಬೇರೆ. ಪೂನಾ ಕ್ಲಬ್ಬಿನಲ್ಲಿ ಅಷ್ಟು ಸಾವಿರ ಚೆಂಡುಗಳನ್ನೆಸೆದ ಬಾಳೂವಿಗೆ ಒಂದು ಸಲವೂ ದಾಂಡು ಹಿಡಿದು ನಿಲ್ಲುವ ಅವಕಾಶ ಸಿಕ್ಕಲಿಲ್ಲ. ದಾಂಡು ಸಾಹೇಬರದು, ಚೆಂಡು ಆಳಿನದು, ಇದು ಅಲ್ಲಿಯ ಕಟ್ಟಳೆ. ಫಲವು ಎಲ್ಲರೆದುರಿಗಿದೆ. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರು ಸರಾಸರಿ ಸುಮಾರು 15 ಓಟಗಳಿಗೊಂದರಂತೆ 179 ವಿಕೆಟ್ಟುಗಳನ್ನು ಕಿತ್ತರು. ದಾಂಡಿನಿಂದ ಗಳಿಸಿದ್ದು 753 ಓಟ, ಸರಾಸರಿ 14ಕ್ಕೂ ಕಡಿಮೆ. ಎಳೆತನದಲ್ಲಿ ಆ ಕೈಗೆ ದಾಂಡು ಸಿಕ್ಕಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು? ದೇಹವು ಮಾಡಿದ್ದನ್ನು ಕಲಿಯುತ್ತದೆ. ಮಾಡಗೊಡದಿದ್ದನ್ನು ಎಲ್ಲಿಂದ ಕಲಿತೀತು?

ಗ್ರೇಗನನ್ನು ಬೀಳಿಸುವ ಹುಡುಗನ ಸುದ್ದಿ ಪುಣೆಯಲ್ಲಿ ಹಬ್ಬಿತು. ಯೂರೋಪಿಯನ್ನರ ಮೇಲೆ ಪಂದ್ಯವಾಡಬೇಕೆಂದಿದ್ದ ಅಲ್ಲಿಯ ಹಿಂದೂ ಕ್ಲಬ್ಬಿನವರು ಇಕ್ಕಟ್ಟಿಗೆ ಸಿಕ್ಕಿದರು. ಗೆಲ್ಲಲು ಬಾಳೂ ಬೇಕು. ಆದರೆ ಅವನು ಅಸ್ಪೃಶ್ಯ. ಬಹಳ ಚರ್ಚೆಯಾದ ಮೇಲೆ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅವನು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹದ ಬಿಡುವಿನಲ್ಲಿ ಮಾತ್ರ ಅವನಿಗೆ ಬಿಡಾರದ ಹೊರಗೆ, ಒಮ್ಮೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೆ ಬೇರೆ ತಟ್ಟೆ, ಬೇರೆ ಸ್ಥಳ. ಸಾತಾರೆಯ ಗೋರಾ ಜಿಮಖಾನಾದವರು ಅವನ ತಿರುವನ್ನು ಮೊಂಡು ಮಾಡಬೇಕೆಂದು ವಾರಗಟ್ಟಲೆ ನೆಲಕ್ಕೆ ರೋಲರು ಎಳೆಯಿಸಿ ಕಲ್ಲಿನಂತೆ ಮಾಡಿಟ್ಟರು. ಬಾಳೂ ಅಲ್ಲಿಯೂ ಏಳು ವಿಕೆಟ್ಟು ಪಡೆದನು. ಆ ಗೆಲುವಿನ ನಂತರ ನಡೆದ ಸಮಾರಂಭದಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು, ಜೊತೆಯಲ್ಲಿ ಆಡುವುದಾದರೆ ಜೊತೆಯಲ್ಲಿ ಉಣ್ಣುವುದಕ್ಕೇನು ಅಡ್ಡಿಯೆಂಬ ಅರ್ಥದಲ್ಲಿ ತಂಡದವರನ್ನು ನೇರವಾಗಿಯೇ ಆಕ್ಷೇಪಿಸಿದರೆಂದು ತಿಳಿದುಬರುತ್ತದೆ.

1896ರಲ್ಲಿ ಪ್ಲೇಗು ಕಾಲಿಟ್ಟ ಮೇಲೆ ಬಾಳೂ ಅವರ ಬಾಳು ಮುಂಬಯಿಗೆ ತಿರುಗಿತು. ಕೆಲಕಾಲ ಸೈನ್ಯ, ಅನಂತರ ರೈಲ್ವೆಯಲ್ಲಿ ನೌಕರಿ. 1894ರಲ್ಲಿ ಸ್ಥಾಪಿತವಾಗಿದ್ದ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನಾದಲ್ಲಿ ಅವರ ಪ್ರವೇಶಕ್ಕೆ ವಿರೋಧವಿತ್ತು. ನಾಯಕ ಕೀರ್ತಿಕರರು ಹಟ ಹಿಡಿದು ಸೇರಿಸಿದರು. ಆ ಹಟ ಎಷ್ಟು ಸಾರ್ಥಕವಾಯಿತೆಂಬುದು 1906ರ ಫೆಬ್ರುವರಿಯಲ್ಲಿ ಕಂಡಿತು. ಮುಂಬಯಿಯಲ್ಲಿ ಹಿಂದೂಗಳಿಗೂ ಯೂರೋಪಿಯನ್ನರಿಗೂ ಪಂದ್ಯ. ಹಿಂದೂಗಳು 242 ಮತ್ತು 160. ಯೂರೋಪಿಯನ್ನರು 191 ಮತ್ತು 102. ಗೆಲುವು 109 ಓಟಗಳದು. ಬಾಳೂ ಮೊದಲ ಸರದಿಯಲ್ಲಿ ಮೂರು, ಎರಡನೆಯದರಲ್ಲಿ ಐದು ವಿಕೆಟ್ಟು ಪಡೆದರು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಆ ಸುದ್ದಿಯು ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ನಾಡಿಗೆಲ್ಲ ಹಬ್ಬವಾಯಿತು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಮೊದಲ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ಹೋಯಿತು. ಹಿಂದೂ, ಮುಸಲ್ಮಾನ, ಪಾರಸಿ ಆಟಗಾರರೆಲ್ಲ ಸೇರಿದ್ದ ಆ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಮರೂ ಇದ್ದರು, ಬಾಳೂ ಮತ್ತು ತಮ್ಮ ಶಿವರಾಮರೂ ಇದ್ದರು. ತಂಡವು 23 ಪಂದ್ಯಗಳಲ್ಲಿ 15ನ್ನು ಸೋತು ಆರನ್ನು ಮಾತ್ರ ಗೆದ್ದಿತು. ಆದರೆ 35 ವರ್ಷದ ಬಾಳೂ ಒಬ್ಬರೇ 114 ವಿಕೆಟ್ಟುಗಳನ್ನು ಉರುಳಿಸಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಸರದಿಯಲ್ಲಿ ಎಂಟು. ಲೆಸ್ಟರ್‌ಷೈರ್ ತಂಡದ ಎದುರು ಎರಡು ಸರದಿ ಸೇರಿ ಹನ್ನೊಂದು. ಕಾಣದ ನೆಲ, ಕಾಣದ ಹವೆ, ಎಂದೂ ಎದುರಾಗದ ದಾಂಡಿಗರು! ಪುಣೆಯಲ್ಲಿ ಕಲಿತ ಕೈ ಅಲ್ಲಿಯೂ ಸಮಸ್ಯೆಯನ್ನು ಹೊಸದಾಗಿ ಬಿಡಿಸುತ್ತಲೇ ಹೋಯಿತು. ಸಾಮರ್‌ಸೆಟ್ ತಂಡದ ಮೇಲೆ ಶಿವರಾಮರು ಶತಕ ಬಾರಿಸಿದರು. ಅಣ್ಣನಿಗೆ ನಿರಾಕರಿಸಿದ ದಾಂಡು ತಮ್ಮನ ಕೈಯಲ್ಲಿ ಮಾತನಾಡಿತು. ತಿರುಗಿ ಬಂದಾಗ ಮುಂಬಯಿಯ ದಲಿತ ಸಮುದಾಯವು ಬಾಳೂ ಅವರನ್ನು ಸನ್ಮಾನಿಸಿತು. ಅವರನ್ನು ಆದರದಿಂದ ಕಂಡ ತರುಣರಲ್ಲಿ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರರೂ ಒಬ್ಬರು.

ದಾಂಡಿನ ಮಾತು ಆಯಿತು. ಅವರಿಗೆ ಕೊಡದಿದ್ದ ಇನ್ನೊಂದು ವಸ್ತು ನಾಯಕತ್ವ. ಆಟದಲ್ಲಿಯೂ ಅನುಭವದಲ್ಲಿಯೂ ಅವರಿಗೆ ಸರಿಗಟ್ಟುವವರು ಹಿಂದೂ ತಂಡದಲ್ಲಿರಲಿಲ್ಲ. ಆದರೂ ವರ್ಷ ವರ್ಷವೂ ನಾಯಕನನ್ನು ಆರಿಸುವಾಗ ಬೇರೊಬ್ಬರ ಹೆಸರು ಬರುತ್ತಿತ್ತು. 1920ರಲ್ಲಂತೂ ಅವರನ್ನು ತಂಡದಿಂದಲೇ ಬಿಟ್ಟರು. ನಾಯಕರಾಗಿದ್ದ ಎಂ.ಡಿ. ಪೈ ಅವರು ಅಸ್ವಸ್ಥರಾದಾಗಲೂ ಪಾಲವಣಕರ ತಮ್ಮಂದಿರಲ್ಲಿ ಒಬ್ಬರಾದ ವಿಠ್ಠಲರನ್ನು ಬಿಟ್ಟು ದೇವಧರರನ್ನು ನಾಯಕರನ್ನಾಗಿ ಮಾಡಲಾಯಿತು. ವಿಠ್ಠಲ ಮತ್ತು ಶಿವರಾಮ ಇಬ್ಬರೂ ಕಾರಣವನ್ನು ಬಹಿರಂಗವಾಗಿ ಸಾರಿ ತಂಡದಿಂದ ಹೊರಗೆ ನಿಂತರು. ಪತ್ರಿಕೆಗಳಲ್ಲಿ ದೊಡ್ಡ ವಾದವೆದ್ದಿತು. ಕಡೆಯ ಪಂದ್ಯಕ್ಕೆ ಸೋದರರನ್ನು ಮರಳಿ ಕರೆದು, ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ಪೈ ಅವರು ಮೈದಾನದಿಂದ ಹೊರಗಿದ್ದ ಸ್ವಲ್ಪ ಹೊತ್ತು ತಂಡವನ್ನು ನಡೆಸುವ ಅವಕಾಶ ಬಾಳೂ ಅವರಿಗೆ ದೊರೆಯಿತು. ಆಗ ಅವರಿಗೆ 44 ವರ್ಷ. ಅವರ ಆಟದ ಜೀವನವೂ ಅಲ್ಲಿಗೆ ಮುಗಿಯಿತು.

ಮೂರು ವರ್ಷಗಳ ತರುವಾಯ, 1923ರಲ್ಲಿ, ವಿಠ್ಠಲರು ಹಿಂದೂ ತಂಡದ ನಾಯಕರಾದರು. ಆ ವರ್ಷ ಯೂರೋಪಿಯನ್ನರನ್ನು ಸೋಲಿಸಿ ಪದಕ ಗೆದ್ದಾಗ ಜನರು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಟ್ಟಿದರೆ ಮೈಲಿಗೆಯೆಂದ ಸಮಾಜದವರದೇ ಆ ಹೆಗಲುಗಳೂ.

ಆಟ ಮುಗಿದ ಮೇಲೆ ಬಾಳೂ ಅವರು ಸಾರ್ವಜನಿಕ ಜೀವನಕ್ಕಿಳಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ನಿಲ್ಲಿಸಿದ್ದು ಯಾರೆದುರಿಗೆ? ಡಾಕ್ಟರ್ ಅಂಬೇಡ್ಕರರ ಎದುರಿಗೆ. ಒಂದು ಕಾಲದಲ್ಲಿ ತಮ್ಮನ್ನು ಆದರಿಸಿದ ತರುಣನ ಎದುರು ಅವರು ಸುಮಾರು ಎರಡು ಸಾವಿರ ಮತಗಳಿಂದ ಸೋತರು. ಆ ಪೈಪೋಟಿಯು ಇಬ್ಬರಿಗೂ ಹಿತವಾಗಿದ್ದಿರಲಾರದು.

1955ನೆಯ ಇಸವಿ ಜುಲೈ 4ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಘಣಸೋಲಿಯಿಂದ ಠಾಣೆ, ಅಲ್ಲಿಂದ ದಾದರಿಗೆ ಹೋಗಿ ಪಶ್ಚಿಮ ರೈಲ್ವೆಯ ಗಾಡಿ ಹತ್ತಿ ಚರ್ಚ್‌ಗೇಟಿನ ಕಡೆಗೆ ಹೊರಟರೆ, ಚರ್ನಿ ರೋಡ್ ನಿಲ್ದಾಣ ದಾಟಿದ ಮೇಲೆ ಬಲಗಡೆ, ಸಮುದ್ರದ ಬದಿಗೆ, ಜಿಮಖಾನಾಗಳ ಹಸುರು ಅಂಗಳಗಳು ಸಾಲಾಗಿ ಕಾಣುತ್ತವೆ. ಅವುಗಳಲ್ಲೊಂದು ಬಾಳೂ ಅವರ ಹಿಂದೂ ಜಿಮಖಾನಾ.